ಮಾನ್ಯ ಸಚಿವರೇ, ನಮ್ಮ ಅರ್ಜಿಗಳು ನನ್ನ ಮನೆಯ ಅಟ್ಟದಲ್ಲಿವೆ

ಮಾನ್ಯ ಕೇಂದ್ರ ಸಚಿವರಿಗೆ,

ಸಕಲೇಶಪುರ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರನೊಬ್ಬನ ನಮಸ್ಕಾರಗಳು.

ಕಳೆದ ತಿಂಗಳು ತಾವು ನಮ್ಮ ಕಡೆಯ ಕಲ್ಯಾಣ ಮಂಟಪವೊಂದರಲ್ಲಿ ನಡೆಸಿದ ಜನಸಂಪರ್ಕ ಸಭೆಗೆ ಬಂದವರಲ್ಲಿ ನಾನೂ ಒಬ್ಬ. ನನ್ನ ಟೋಕನ್ ಸಂಖ್ಯೆ 43. ಅಂದು ವೇದಿಕೆಯಿಂದ ಕರೆದದ್ದು 11ನೆಯ ಟೋಕನ್‌ವರೆಗೆ ಮಾತ್ರವಾದ್ದರಿಂದ ತಮಗೆ ನನ್ನ ಪರಿಚಯವಿರುವುದಿಲ್ಲ. ಹೀಗೆ ಹತ್ತು ಜನರ ಮುಂದೆ ಪತ್ರ ಬರೆಯುವುದು ನನ್ನ ಸ್ವಭಾವವಲ್ಲ. ಮುಚ್ಚಿದ ಲಕೋಟೆಯಲ್ಲಿ, ತಮ್ಮ ಕೈಗೇ ಸೇರಲೆಂದು ಕೊಟ್ಟ ಅರ್ಜಿಗೆ ಏನು ಗತಿಯಾಯಿತೆಂಬುದನ್ನು ಮುಂದೆ ಓದಿದರೆ, ಈ ದಾರಿ ಏಕೆ ಹಿಡಿದೆನೆಂಬುದು ತಮಗೇ ತಿಳಿಯುತ್ತದೆ.

ನನ್ನ ಅರ್ಜಿ ಆನೆಯದು. ನಮ್ಮ ತಾಲ್ಲೂಕಿನವರ ಅರ್ಜಿ ಬೇರೆ ಯಾವುದಿದ್ದೀತು? ಎಂಟು ವರ್ಷಗಳಿಂದ ಗ್ರಾಮಸಭೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಅರಣ್ಯ ಇಲಾಖೆಯ ಕಚೇರಿಗಳಲ್ಲಿ ಇದನ್ನೇ ಕೊಡುತ್ತ ಬಂದಿದ್ದೇನೆ. ಮೊದಲ ವರ್ಷಗಳಲ್ಲಿ ಎರಡು ಪುಟ ಬರೆಯುತ್ತಿದ್ದೆ, ಈಗ ಅರ್ಧ ಪುಟಕ್ಕೆ ಇಳಿದಿದ್ದೇನೆ. ಎರಡು ಎಕರೆ ಗದ್ದೆಯಲ್ಲಿ ಭತ್ತ ಬೆಳೆಯುವುದನ್ನು ಬಿಟ್ಟಾಯಿತು, ಏಕೆಂದರೆ ತೆನೆ ಹಾಲುಗಟ್ಟುವ ವಾರಕ್ಕೆ ಸರಿಯಾಗಿ ಆನೆಗಳು ಗದ್ದೆಗಿಳಿಯುತ್ತಿದ್ದವು. ತೋಟದ ಹಲಸಿನ ಮರಗಳಲ್ಲಿ ಕಾಯಿ ಎಳೆಯದಾಗಿರುವಾಗಲೇ ಕಿತ್ತು ದೂರ ಸಾಗಿಸುತ್ತೇವೆ, ಹಣ್ಣಿನ ವಾಸನೆ ಆನೆಗಳಿಗೆ ತಟ್ಟಿದರೆ ಆ ರಾತ್ರಿ ಯಾರೂ ಮಲಗುವಂತಿಲ್ಲ. ಬೈನೆ ಮರಗಳನ್ನು ಅವು ಆಗಲೇ ಮುಗಿಸಿವೆ. ಬೆಳಿಗ್ಗೆ ಎದ್ದು ಮೊದಲು ನೋಡುವುದು ಹವಾಮಾನವನ್ನಲ್ಲ, ಆನೆ ಎಲ್ಲಿದೆ ಎಂದು ಮೊಬೈಲಿಗೆ ಬರುವ ಸಂದೇಶವನ್ನು. ಆ ಸಂದೇಶ ನೋಡದೆ ಕೆಲಸದವರು ತೋಟಕ್ಕೆ ಕಾಲಿಡುವುದಿಲ್ಲ, ಕಾಲಿಡಿ ಎಂದು ಅವರಿಗೆ ಹೇಳುವ ಧೈರ್ಯ ನನಗೂ ಇಲ್ಲ. ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಸಾಕಾನೆ ಅರ್ಜುನನೇ 2023ರ ಡಿಸೆಂಬರ್ 4ರಂದು ನಮ್ಮ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಂದಿಗೆ ಸೆಣಸಿ ಪ್ರಾಣ ಬಿಟ್ಟ. ಪಳಗಿದ ಆನೆಯ ಪಾಡೇ ಅದಾದರೆ, ಬುತ್ತಿ ಹಿಡಿದು ಬೆಳಗಿನ ಮಂಜಿನಲ್ಲಿ ನಡೆದು ಬರುವ ಹೆಣ್ಣಾಳಿನ ಪಾಡನ್ನು ತಾವೇ ಊಹಿಸಿಕೊಳ್ಳಬೇಕು.

ಸಭೆಯ ದಿನ ರೊಬಸ್ಟಾ ಕೊಯ್ಲು ನಡೆಯುತ್ತಿತ್ತು. ಹಣ್ಣು ಗಿಡದಲ್ಲೇ ಒಣಗತೊಡಗಿದ್ದ ಆ ದಿನಗಳಲ್ಲಿ ಒಂದು ದಿನದ ಕೆಲಸ ಬಿಡುವುದೆಂದರೇನು ಎಂಬುದು ಕಾಫಿ ಬೆಳೆಯುವವರಿಗೆ ಗೊತ್ತು. ಆದರೂ ಕೇಂದ್ರದ ಸಚಿವರೇ ನಮ್ಮ ಊರಿಗೆ ಬರುವುದು ದಿನಾ ಆಗುವ ಮಾತಲ್ಲವೆಂದು ಹತ್ತು ಗಂಟೆಯ ಸಭೆಗೆ ಒಂಬತ್ತಕ್ಕೇ ಹೋಗಿ ಟೋಕನ್ ಪಡೆದೆ. ತಾವು ಬಂದಾಗ ಒಂದೂವರೆ. ಬಳಿಕ ದೀಪ, ಪ್ರಾರ್ಥನೆ, ಸ್ವಾಗತ, ಮೈಸೂರು ಪೇಟ, ಏಲಕ್ಕಿ ಹಾರ ಎಲ್ಲವೂ ನಡೆದವು. ವೇದಿಕೆಯ ಮೇಲಿದ್ದ ಇಪ್ಪತ್ತೊಂದು ಕುರ್ಚಿಗಳಲ್ಲಿ ಕುಳಿತವರ ಹೆಸರನ್ನು ನಿರೂಪಕರು ಒಂದನ್ನೂ ಬಿಡದೆ, ಬಿರುದುಗಳ ಸಮೇತ ಓದಿದರು. ಎರಡೂಮುಕ್ಕಾಲಿಗೆ ಮೈಕು ಮೊದಲ ಬಾರಿಗೆ ವೇದಿಕೆಯಿಂದ ಕೆಳಗಿಳಿಯಿತು. ಮೂರು ಇಪ್ಪತ್ತಕ್ಕೆ ಮತ್ತೆ ಮೇಲೇರಿತು. ಜನಸಂಪರ್ಕ ಸಭೆಯಲ್ಲಿ ಜನರ ಪಾಲಿಗೆ ಬಂದದ್ದು ಮೂವತ್ತೈದು ನಿಮಿಷ.

ಆ ಮೂವತ್ತೈದು ನಿಮಿಷಗಳಲ್ಲೂ ನಡೆದದ್ದನ್ನು ಹೇಳಲೇಬೇಕು. ಆರನೆಯ ಟೋಕನ್ನಿನ ಹೆಂಗಸು ನಮ್ಮ ಪಕ್ಕದ ಊರಿನವರು. ಅವರ ಯಜಮಾನರು ಹಾಲು ಹಾಕಿ ಡೇರಿಯಿಂದ ಮರಳುವಾಗ ಒಂಟಿ ಸಲಗಕ್ಕೆ ಸಿಕ್ಕವರು. ಪರಿಹಾರದ ಹಣ ಬಂದಿದೆ, ಅವರು ಹಣ ಕೇಳಲು ಬಂದಿರಲಿಲ್ಲ. ಅದೇ ದಾರಿಯಲ್ಲಿ ಈಗ ಮಗ ಹಾಲು ಹಾಕಲು ಹೋಗುತ್ತಾನೆ, ಅವನ ಗತಿ ಏನು ಎಂದು ಕೇಳಲು ಬಂದಿದ್ದರು. ಮೂರು ಮಾತು ಆಡುವಷ್ಟರಲ್ಲಿ ಗಂಟಲು ಕಟ್ಟಿತು. ನಿರೂಪಕರು, “ಅಮ್ಮಾ, ಸಮಯ ಕಡಿಮೆ ಇದೆ, ಚುಟುಕಾಗಿ ಹೇಳಿ,” ಎಂದು ಮೈಕನ್ನು ಮುಂದಿನವರಿಗೆ ದಾಟಿಸಿದರು. ಸನ್ಮಾನದ ಹೊತ್ತಿನಲ್ಲಿ ಈ ಚುಟುಕು ಎಂಬ ಶಬ್ದ ಅವರಿಗೆ ನೆನಪಾಗಿರಲಿಲ್ಲ.

ಆ ಹೆಂಗಸಿನ ಪ್ರಶ್ನೆಗೆ ತಾವು ಕೊಟ್ಟ ಉತ್ತರ, “ಇದು ರಾಜ್ಯ ಸರ್ಕಾರದ ವಿಷಯ, ನಾನು ಗಮನಕ್ಕೆ ತರುತ್ತೇನೆ,” ಎಂದು. ಸಚಿವರೇ, ಸಂವಿಧಾನವನ್ನು ತಮಗೆ ಹೇಳಿಕೊಡುವಷ್ಟು ಓದಿದವನು ನಾನಲ್ಲ. ಅರಣ್ಯವನ್ನೂ ವನ್ಯಜೀವಿ ರಕ್ಷಣೆಯನ್ನೂ 1976ರ 42ನೆಯ ತಿದ್ದುಪಡಿಯಲ್ಲಿ ರಾಜ್ಯಪಟ್ಟಿಯಿಂದ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ತಂದದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಂಸತ್ತಿನದೇ ಆಗಿರುವುದು, ಆನೆ ಅದರಲ್ಲಿ ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಯಲ್ಲಿರುವುದು, 1992ರಲ್ಲಿ ಆನೆ ಯೋಜನೆ ಶುರುವಾದಂದಿನಿಂದ ಕೇಂದ್ರದ ದುಡ್ಡು ಬರುತ್ತಿರುವುದು, ಇವೆಲ್ಲ ತಮಗೆ ಗೊತ್ತಿರುವ ಸಂಗತಿಗಳೇ. ಆನೆ ಹಿಡಿಯಲು ಅನುಮತಿ ಕೊಡಬೇಕಾದವರು ಅದೇ ಕಾಯ್ದೆಯ 11ನೆಯ ಕಲಮಿನ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರೆಂಬುದು ನಿಜ. ಹಾಗೆಂದು ತಮ್ಮ ಸರ್ಕಾರದ ಪಾಲಿನ ಹೊಣೆ ಇಲ್ಲವಾಗುತ್ತದೆಯೇ? 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ ಎಂದು ತಾವೇ ಅಂದು ಭಾಷಣದಲ್ಲಿ ಹೆಮ್ಮೆಯಿಂದ ಹೇಳಿದಿರಿ, ಚಪ್ಪಾಳೆಯೂ ಬಿತ್ತು. ಎಣಿಕೆಯ ಹೆಮ್ಮೆ ದೆಹಲಿಗೆ, ತುಳಿತದ ಲೆಕ್ಕ ಬೆಂಗಳೂರಿಗೆ. ಬೆಂಗಳೂರಿನವರು ಬಂದಾಗ ಕಾಯ್ದೆ ಕೇಂದ್ರದ್ದು ಎನ್ನುತ್ತಾರೆ, ತಾವು ಬಂದಾಗ ಆನೆ ರಾಜ್ಯದ್ದು ಎನ್ನುತ್ತೀರಿ. ಆನೆ ಮಾತ್ರ ಇಬ್ಬರನ್ನೂ ಕೇಳದೆ ನಮ್ಮ ಕಣಕ್ಕೆ ಬರುತ್ತದೆ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ಮಾತಾಡಲು ಅವಕಾಶ ಸಿಗದವರು ಅರ್ಜಿಗಳನ್ನು ಕೊಟ್ಟು ಹೋಗಬಹುದು, ಪ್ರತಿಯೊಂದನ್ನೂ ಖುದ್ದಾಗಿ ನೋಡುತ್ತೇನೆ ಎಂದು ತಾವು ಹೇಳಿದ್ದಿರಿ. ಒಬ್ಬ ಹುಡುಗ ಚೀಲ ಹಿಡಿದು ಸಾಲುಸಾಲಾಗಿ ಬಂದ, ನಾನೂ ಹಾಕಿದೆ. ಸ್ವೀಕೃತಿ ಕೇಳಿದ್ದಕ್ಕೆ, “ನಂಬಿಕೆ ಇಡಿ ಸಾರ್,” ಎಂದ. ಇಟ್ಟೆ.

ಮಾರನೆಯ ಸಂಜೆ ಮಂಟಪ ನೋಡಿಕೊಳ್ಳುವವರಿಂದ ಫೋನ್ ಬಂತು. “ಸಾರ್, ಸ್ಟೇಜ್ ಕೆಳಗೆ ಒಂದು ಚೀಲ ಅರ್ಜಿ ಐತೆ. ಮೇಲ್ಗಡೆ ನಿಮ್ದಿತ್ತು, ನಂಬರ್ ನೋಡಿ ಮಾಡ್ದೆ. ನಾಳೆ ಇಲ್ಲಿ ಮದ್ವೆ ಐತೆ, ಏನ್ ಮಾಡ್ಲಿ ಇದನ್ನ?” ಎಂದು ಕೇಳಿದರು. ಕಾಫಿ ತುಂಬುವ ಗೋಣಿಚೀಲ ಅದು. ಬಾಯಿಗೆ ದಾರ ಕೂಡ ಕಟ್ಟಿರಲಿಲ್ಲ. ಮನೆಗೆ ತಂದು ಜಗಲಿಯ ಮೇಲೆ ಸುರುವಿ ಎಣಿಸಿದೆ, 61 ಅರ್ಜಿಗಳಿದ್ದವು. ಅವುಗಳಲ್ಲಿ ನಾಲ್ಕಕ್ಕೆ ಸಾಂಬಾರು ತಾಗಿತ್ತು. ಲಕೋಟೆಗಳನ್ನು ನಾನು ಒಡೆದಿಲ್ಲ. ಆದರೆ ತೆರೆದೇ ಇದ್ದ ಒಂದು ಕಣ್ಣಿಗೆ ಬಿತ್ತು. ಶಾಲೆಯ ಗೆರೆಹಾಳೆಯಲ್ಲಿ ಮಗುವೊಂದು ತನ್ನ ಅಜ್ಜಿಯ ಪರವಾಗಿ, ತಪ್ಪಿದ ಅಕ್ಷರಗಳನ್ನು ರಬ್ಬರಿನಲ್ಲಿ ಅಳಿಸಿ ಅಳಿಸಿ ಮತ್ತೆ ತಿದ್ದಿ, ವಿಧವಾ ವೇತನ ನಿಂತುಹೋದದ್ದನ್ನು ಬರೆದಿತ್ತು. ಕೆಳಗೆ ಅಜ್ಜಿಯ ಹೆಬ್ಬೆಟ್ಟು. ಆ ಹಾಳೆಯೂ ಸ್ಟೇಜಿನ ಕೆಳಗೇ ಇತ್ತು, ಸಚಿವರೇ.

ತಮ್ಮ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದೆ. ಮೂರು ಸಲ ಸಾಹೇಬರು ಸಭೆಯಲ್ಲಿದ್ದಾರೆ ಎಂದರು, ಅದನ್ನು ನಂಬದಿರಲು ನನಗೆ ಕಾರಣವಿಲ್ಲ. ನಾಲ್ಕನೆಯ ಸಲ, ಅರ್ಜಿಗಳನ್ನೆಲ್ಲ ಸಂಬಂಧಪಟ್ಟ ಇಲಾಖೆಗಳಿಗೆ ರವಾನಿಸಲಾಗಿದೆ ಎಂಬ ಉತ್ತರ ಬಂತು. ಆ ಹೊತ್ತಿಗೆ ಚೀಲ ನನ್ನ ಕಾಲ ಬುಡದಲ್ಲಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಈ 61 ಅರ್ಜಿಗಳಿಗೂ ಲಿಖಿತ ಉತ್ತರ ಕೊಡಿಸಿ. ಕೇಂದ್ರದ ಕುಂದುಕೊರತೆ ಜಾಲತಾಣದಲ್ಲಿ ಹಾಕಿದ ದೂರನ್ನು 21 ದಿನಗಳೊಳಗೆ ಇತ್ಯರ್ಥಪಡಿಸಬೇಕೆಂದು ತಮ್ಮ ಸರ್ಕಾರವೇ 2024ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕಂಪ್ಯೂಟರ್ ಗೊತ್ತಿಲ್ಲದೆ, ಬಸ್ಸು ಹಿಡಿದು ಬಂದು ಕೈಯಾರೆ ಕೊಟ್ಟವರಿಗೆ ಆ 21 ದಿನ ಏಕೆ ಅನ್ವಯಿಸಬಾರದು? ಆಗುವುದಿಲ್ಲವೆಂದಾದರೆ ಆಗುವುದಿಲ್ಲವೆಂದೇ ಬರೆಯಿರಿ, ಆದರೆ ಸಹಿ ಹಾಕಿ, ದಿನಾಂಕ ನಮೂದಿಸಿ ಬರೆಯಿರಿ. ಇನ್ನೊಮ್ಮೆ ಸಭೆ ನಡೆಸುವ ಮನಸ್ಸಿದ್ದರೆ ಹೋಬಳಿ ಮಟ್ಟದಲ್ಲಿ ನಡೆಸಿ, ಅರ್ಜಿ ಕೊಟ್ಟ ಜಾಗದಲ್ಲೇ ಸ್ವೀಕೃತಿ ಕೊಡಿಸಿ, ಮೈಕನ್ನು ಮೊದಲು ಜನರ ಕೈಗೆ ಕೊಡಿ. ಏಲಕ್ಕಿ ಹಾರ ಕಡೆಯಲ್ಲಿ ಹಾಕಿದರೂ ಬಾಡುವುದಿಲ್ಲ. ಅಷ್ಟು ಸಮಯವಿಲ್ಲದಿದ್ದರೆ ಸಭೆ ಬೇಡ, ಲಿಖಿತ ಉತ್ತರ ಸಾಕು. 61 ಅರ್ಜಿಗೆ 61 ಉತ್ತರ.

ಸಾಂಬಾರು ತಾಗಿದ ನಾಲ್ಕನ್ನು ಬಿಸಿಲಿಗೆ ಒಣಗಿಸಿ, ಎಲ್ಲವನ್ನೂ ಹೊಸ ಚೀಲಕ್ಕೆ ಹಾಕಿ ಅಟ್ಟದಲ್ಲಿ, ಒಲೆಯ ನೇರಕ್ಕೆ ಬೆಚ್ಚಗೆ ಇರಿಸಿದ್ದೇನೆ. ತಮ್ಮ ಕಚೇರಿಯಿಂದ ಯಾರಾದರೂ ಬಂದು ಸಹಿ ಮಾಡಿ ಒಯ್ಯಬಹುದು, ಸ್ವೀಕೃತಿ ಪತ್ರವನ್ನು ನಾನೇ ಬರೆದಿಟ್ಟಿದ್ದೇನೆ. ಬರುವವರು ಬೆಳಿಗ್ಗೆ ಒಂಬತ್ತರ ನಂತರ, ಸಂಜೆ ಐದರ ಒಳಗೆ ಬಂದು ಹೋಗಲಿ. ಆಚೀಚೆಯ ಹೊತ್ತಿನಲ್ಲಿ ನಮ್ಮ ದಾರಿಯಲ್ಲಿ ಓಡಾಡುವುದು ಕ್ಷೇಮವಲ್ಲ.

ಇತಿ ತಮ್ಮ ವಿಶ್ವಾಸಿ,
ಟೋಕನ್ ಸಂಖ್ಯೆ 43
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ