ಮೂರನೇ ಗೆರೆ

ಅಧ್ಯಕ್ಷರೇ,

ನೀನು ಕೇಳಿದ್ದು ಒಂದೇ ಸಾಲು. 'ಅಪ್ಪನಿಗೆ ಮತ್ತೆ ಯಾಕೋ ಆಪರೇಷನ್ನು, ಒಂದು ಆಯ್ತಲ್ಲ?' ಇದನ್ನೇ ಇನ್ನೂ ಎಷ್ಟೋ ಜನ ಕೇಳಿದ್ದಾರೆ. ಫೋನಿನಲ್ಲಿ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿಹೋಗಿದೆ. ಅದಕ್ಕೇ ನಿನ್ನ ಹೆಸರಿಗೆ ಬರೆದು ಎಲ್ಲರ ಮುಂದೆ ಇಡ್ತಿದ್ದೇನೆ. ನಿನ್ನದೇನೂ ಆಕ್ಷೇಪಣೆ ಇರಲಾರದು. ಇದ್ದರೆ ಛತ್ರಿಯ ವಿಷಯ ಎತ್ತಬೇಕಾಗುತ್ತದೆ.

ಶುರುವಾಗಿದ್ದು ಮೂತ್ರದಲ್ಲಿ ರಕ್ತ ಕಂಡು. ನೋವಿಲ್ಲ, ಉರಿಯಿಲ್ಲ. ಮರುದಿನ ನೋಡಿದರೆ ರಕ್ತವೂ ಇಲ್ಲ. ತಾನೇ ವಾಸಿಯಾಯ್ತು ಅಂತ ಅಪ್ಪ ತೀರ್ಪು ಕೊಟ್ಟು ಫೈಲು ಮುಚ್ಚಿದ. ಮೂತ್ರಕೋಶದ ಕ್ಯಾನ್ಸರಿನ ಕಿತಾಪತಿಯೇ ಇದು. ನೋವಿದ್ದರೆ ಯಾರಾದರೂ ಆಸ್ಪತ್ರೆಗೆ ಓಡ್ತಾರೆ. ನೋವಿಲ್ಲದ ರಕ್ತ ಸುಮ್ನೆ ಬಂದು ಸುಮ್ನೆ ಹೋಗುತ್ತದೆ. ಮತ್ತೆ ಬರೋ ಹೊತ್ತಿಗೆ ಕಾಲ ಕಳೆದಿರುತ್ತದೆ. ಪಕ್ಕದಲ್ಲಿ ನಿಂತು ಓದ್ತಿರುವವರಿಗೆ ಒಂದು ಮಾತು: ಒಂದೇ ಸಲ ಕಂಡರೂ ತೋರಿಸಿಬಿಡಿ. ಉಪದೇಶ ಇಷ್ಟೇ.

ಸಿಗರೇಟಿನ ಬಗ್ಗೆ ಡಾಕ್ಟರು ಕೇಳಿಯೇ ಕೇಳ್ತಾರೆ. ಹೊಗೆಯ ವಿಷವನ್ನು ಕಿಡ್ನಿ ಸೋಸುತ್ತದೆ. ಅದು ಮೂತ್ರದ ಜತೆ ಕೋಶದಲ್ಲಿ ಗಂಟೆಗಟ್ಟಲೆ ನಿಂತು ಒಳಗೋಡೆಯನ್ನು ತಿನ್ನುತ್ತದೆ. ಅಪ್ಪ ಬಿಟ್ಟು ಬಹಳ ವರ್ಷ ಆಯ್ತು. ಅವನ ಪ್ಯಾಕಿನಿಂದ ನಾವಿಬ್ಬರೂ ಕದ್ದದ್ದೆಲ್ಲ ಅವನ ಆರೋಗ್ಯಕ್ಕೆ ಮಾಡಿದ ಸೇವೆ ಅಂತ ಈಗ ವಾದಿಸಬಹುದು. ನಮ್ಮ ಆರೋಗ್ಯದ ಮಾತು ಬೇಡ.

ಇರಲಿ. ಕ್ಯಾಮೆರಾ ಹಾಕಿ ನೋಡಿದರು, ಗೆಡ್ಡೆ ಸಿಕ್ಕಿತು. ಹೊರಗೆ ಎಲ್ಲೂ ಕೊಯ್ಯದೆ, ಮೂತ್ರದ ದಾರಿಯಲ್ಲೇ ಉಪಕರಣ ಬಿಟ್ಟು ಕೆರೆದು ತೆಗೆದರು. ಟಿಯುಆರ್‌ಬಿಟಿ ಅಂತಾರೆ. ತೋರಿಸೋಕೆ ಒಂದು ಹೊಲಿಗೆಯೂ ಇಲ್ಲದ್ದರಿಂದ ನೋಡಲು ಬಂದವರಿಗೆ ಸ್ವಲ್ಪ ನಿರಾಸೆಯೇ ಆಯ್ತು.

ಆಮೇಲೆ ಬಯಾಪ್ಸಿ ರಿಪೋರ್ಟ್ ಬಂತು. ಹೈ ಗ್ರೇಡ್, ಅಂದರೆ ಜೋರಾಗಿ ಬೆಳೆಯೋ ಜಾತಿ. ಟಿ1, ಅದು ಎಷ್ಟು ಆಳಕ್ಕೆ ಇಳಿದಿದೆ ಅನ್ನೋದರ ಗುರುತು. ನನ್ನ ಮುಖ ನೋಡಿ ಡಾಕ್ಟರು ಚೀಟಿ ತಿರುಗಿಸಿ ಮೂರು ಗೆರೆ ಎಳೆದರು. ಮೊದಲನೆಯದು ಒಳಪದರ. ಎರಡನೆಯದು ಅದರ ಕೆಳಗಿನ ತೆಳುವಾದ ಪದರ. ಮೂರನೆಯದು ಮಾಂಸಖಂಡ. ಎರಡನೆಯದರವರೆಗೆ ಬಂದಿದೆ ಅಂದರು. ಮೂರನೆಯದರ ಮೇಲೆ ಪೆನ್ನಿನ ತುದಿ ಇಟ್ಟು ತಿರುಗಿಸುತ್ತಾ ಕೂತರು. ಅಲ್ಲೊಂದು ನೀಲಿ ಚುಕ್ಕೆ ದಪ್ಪ ಆಗ್ತಾ ಹೋಯ್ತು. ಕಳಿಸಿದ ತುಣುಕುಗಳಲ್ಲಿ ಮಾಂಸಖಂಡವೇ ಇರಲಿಲ್ಲವಂತೆ. ಇಲ್ಲದ್ದರಲ್ಲಿ ಕ್ಯಾನ್ಸರ್ ಹೊಕ್ಕಿದೆಯೋ ಇಲ್ಲವೋ ಹೇಗೆ ಹೇಳೋದು? ಅದಕ್ಕೇ ಅದೇ ಜಾಗದಲ್ಲಿ ಇನ್ನೊಮ್ಮೆ, ಇನ್ನಷ್ಟು ಆಳಕ್ಕೆ. ಸಾಮಾನ್ಯವಾಗಿ 2ರಿಂದ 6 ವಾರದೊಳಗೆ ಮಾಡ್ತಾರೆ. ಮೊದಲನೆಯದು ಕೆಟ್ಟಿತು ಅಂತಲ್ಲ. ಟಿ1 ಅಂದಮೇಲೆ ಎರಡನೇ ಸಲ ನೋಡೋದೇ ಪದ್ಧತಿ, ಏನಾದರೂ ಉಳಿದಿರೋದು ಅಪರೂಪವೇನಲ್ಲ. ನಿನ್ನ ಪ್ರಶ್ನೆಗೆ ಇದೇ ಉತ್ತರ. ಇಲ್ಲಿಗೆ ನಿಲ್ಲಿಸಬಹುದಿತ್ತು.

ಎಲ್ಲಾ ಇರೋದು ಆ ಮೂರನೇ ಗೆರೆಯಲ್ಲಿ. ದಾಟಿಲ್ಲ, ಅಂದರೆ ಮಾಂಸಖಂಡಕ್ಕೆ ಹೊಕ್ಕಿಲ್ಲ ಅಂತಾದರೆ, ಬಿಸಿಜಿ. ಹೌದು, ಕ್ಷಯ ಬರದಿರಲಿ ಅಂತ ಮಕ್ಕಳಿಗೆ ಹಾಕೋ ಅದೇ ಬಿಸಿಜಿ. ಇದನ್ನು ಮೂತ್ರಕೋಶದೊಳಗೆ ಬಿಟ್ಟು ನೋಡಿದ ಫಲಿತಾಂಶವನ್ನು 1976ರಲ್ಲಿ ಕೆನಡಾದ ಆಲ್ವಾರೋ ಮೊರಾಲೆಸ್ ಪ್ರಕಟಿಸಿದರು. ಇವತ್ತಿಗೂ ಇಂಥ ಗೆಡ್ಡೆಗೆ ಅದೇ ಮುಖ್ಯ ಔಷಧಿ. ವಾರಕ್ಕೊಂದರಂತೆ 6 ವಾರ, ಆಮೇಲೂ ಆಗಾಗ. ಬಿಟ್ಟ ಮೇಲೆ ಸುಮಾರು ಎರಡು ಗಂಟೆ ಹಿಡಿದುಕೊಂಡಿರಬೇಕು. 'ಎರಡು ಗಂಟೆ ನಿನ್ನ ಭಾಷಣ ಬೇಕಾದರೂ ಕೇಳ್ತೇನೆ, ಇದು ನನ್ನ ಕೈಲಾಗಲ್ಲ' ಅಂದ ಅಪ್ಪ. ಇಷ್ಟಾದರೂ ಬಿಡುಗಡೆ ಇಲ್ಲ. ಮತ್ತೆ ಮತ್ತೆ ಬರೋ ಜಾತಿಯದು ಇದು. ಮೊದಲ ಎರಡು ವರ್ಷ 3 ತಿಂಗಳಿಗೊಮ್ಮೆ ಕ್ಯಾಮೆರಾ, ಆಮೇಲೂ ವರ್ಷಗಟ್ಟಲೆ ತಪಾಸಣೆ.

ದಾಟಿದೆ ಅಂದರೆ ದೊಡ್ಡ ಆಪರೇಷನ್ನಿನ ಮಾತು. ಮೂತ್ರಕೋಶವನ್ನೇ ತೆಗೆದುಬಿಡ್ತಾರೆ. ಸಣ್ಣ ಕರುಳಿನ ಒಂದು ತುಂಡಿನಿಂದ ಮೂತ್ರಕ್ಕೆ ಹೊಸ ದಾರಿ ಮಾಡಿ ಹೊಟ್ಟೆಯ ಮೇಲೆ ಚೀಲ ಅಂಟಿಸ್ತಾರೆ. ಕೆಲವರಿಗೆ ಕರುಳಿನಿಂದಲೇ ಹೊಸ ಕೋಶ ಹೊಲಿದುಕೊಡೋದೂ ಉಂಟು.

ಎರಡನೇ ಆಪರೇಷನ್ ಆದ ರಾತ್ರಿ ನಾನೇ ವಾರ್ಡಿನಲ್ಲಿದ್ದೆ. ಮೂರು ಬಾಯಿಯ ಕ್ಯಾಥೆಟರ್ ಹಾಕಿದ್ದರು. ಒಂದು ಕಡೆಯಿಂದ ಸಲೈನ್ ಒಳಗೆ ಹೋಗಿ ಇನ್ನೊಂದು ಕಡೆಯಿಂದ ರಕ್ತ ತೊಳೆದುಕೊಂಡು ಹೊರಗೆ ಬರುತ್ತದೆ. ಹೆಪ್ಪುಗಟ್ಟಿ ಪೈಪು ಕಟ್ಟಿಕೊಂಡರೆ ಕಷ್ಟ. ಬಣ್ಣ ನೋಡೋದು, ಚೀಲ ತುಂಬುತ್ತಾ ಬಂದರೆ ಸಿಸ್ಟರನ್ನು ಕರೆಯೋದು ನನ್ನ ಕೆಲಸ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ದರಿಂದ ಅಪ್ಪನಿಗೆ ಪೂರ್ತಿ ಎಚ್ಚರ. ಮ್ಯಾಚಿನ ಸ್ಕೋರ್ ಕೇಳೋ ಹಾಗೆ ಗಳಿಗೆಗೊಮ್ಮೆ 'ಈಗ ಯಾವ ಬಣ್ಣ?' ಅಂತಿದ್ದ. 'ಕೆಂಪು.' 'ಈಗ?' 'ತಿಳಿಗೆಂಪು.' 'ಈಗ?' 'ಮಲಕ್ಕೋ ಅಪ್ಪ.' ಆಮೇಲೆ ನಿಜವಾಗಿಯೂ ಮಲಗಿದ.

ಅವನು ಮಲಗಿದ ಮೇಲೆ ಸ್ಟೂಲಿನಲ್ಲಿ ಕೂತು ಹನಿ ನೋಡ್ತಿದ್ದೆ. ಮೂರನೇ ಗೆರೆ ದಾಟಿದ್ದರೇ ಒಳ್ಳೆಯದು ಅನ್ನಿಸಿಬಿಟ್ಟಿತು ಕಣೋ.

ಒಂದು ಕ್ಷಣ ಅಂತ ಬರೆಯಹೊರಟಿದ್ದೆ. ಒಂದು ಕ್ಷಣವಲ್ಲ, ತುಂಬಾ ಹೊತ್ತು. ದಾಟಿದ್ದರೆ ತೆಗೆದುಹಾಕ್ತಾರೆ, ಮುಗೀತದೆ. ಮೂರು ತಿಂಗಳಿಗೊಮ್ಮೆ ಎದೆ ಹಿಡಿದುಕೊಂಡು ಹೊರಗಿನ ಬೆಂಚಿನಲ್ಲಿ ಕೂರೋದು ತಪ್ಪುತ್ತದೆ. ಚೀಲ ಬದಲಾಯಿಸೋದು ಕಲಿತರಾಯ್ತು. ದಾಟಿದರೆ ಜೀವಕ್ಕೆ ಅಪಾಯ ಜಾಸ್ತಿ, ಕೋಶ ತೆಗೆದರೂ ಕಾಯಿಲೆ ಮುಗಿದೇ ಹೋಯ್ತು ಅಂತ ಅಲ್ಲ, ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬೇಕು ಅನ್ನಿಸಿತು. ಕಾಯೋದು ಸಾಕಾಗಿತ್ತು, ಅಷ್ಟೇ. ಕಾಯೋದು ನಾನು, ಹೋಗೋದು ಅಪ್ಪನ ಮೂತ್ರಕೋಶ. ಲೆಕ್ಕ ಎಷ್ಟು ಸಲೀಸಾಗಿ ಬಂತು ನೋಡು.

ಹಿಂದಿನ ಸಲ ಡಾಕ್ಟರ ಹತ್ತಿರ ನಾನು ಕೇಳಿದ್ದೆಲ್ಲ ಚೀಲದ ಬಗ್ಗೆಯೇ. ಎಷ್ಟು ದೊಡ್ಡದು, ಸ್ನಾನ ಮಾಡಬಹುದಾ, ಮಲಗಿದಾಗ ಸೋರುತ್ತಾ. ಅಪ್ಪ ಕೇಳಿದ್ದು ಒಂದೇ: 'ಈಗಿರೋದು ಕೆಲಸ ಮಾಡ್ತಿದೆಯಲ್ಲ?' ಆಗ ಅದು ಪೆದ್ದು ಪ್ರಶ್ನೆ ಅನ್ನಿಸಿತ್ತು.

ಎಲ್ಲರೂ ನನ್ನನ್ನು 'ಎಂಥಾ ಮಗ' ಅಂತ ಹೊಗಳ್ತಾರೆ. ಬೇಡ ಅಂತ ನಾನೂ ಹೇಳಿಲ್ಲ, ಚೆನ್ನಾಗಿ ಕೇಳಿಸುತ್ತದೆ. ಇದನ್ನು ಓದಿದ ಮೇಲೆ ಹೊಗಳಿಕೆ ಸ್ವಲ್ಪ ಕಡಿಮೆಯಾಗಬಹುದು. ಮೇಲಿನ ಭಾಗ ಅಳಿಸಿಬಿಡೋಣ ಅಂತಲೂ ಯೋಚಿಸಿದೆ. ಆದರೆ ಅಳಿಸಿದರೆ ಉಳಿಯೋದು ಆಸ್ಪತ್ರೆಯ ಕರಪತ್ರ, ಅದನ್ನು ನೀನು ಓದಲ್ಲ. ನೀನು ಓದೋದು ಚಾಡಿ ಇದ್ದರೆ ಮಾತ್ರ ಅಲ್ವಾ?

ಎರಡನೇ ರಿಪೋರ್ಟ್ ಮುಂದಿನ ವಾರ. ಅಪ್ಪ ಮನೆಗೆ ಬಂದಿದ್ದಾನೆ, ಪೈಪು ತೆಗೆದಾಯ್ತು. ನೀರು ಜಾಸ್ತಿ ಕುಡೀಬೇಕು ಅಂದರೆ ನನ್ನನ್ನೇ ಬೈತಾನೆ, ಅಂದರೆ ಸುಧಾರಿಸಿದ್ದಾನೆ. ಫೋನ್ ಮಾಡು, ಆದರೆ 'ಧೈರ್ಯವಾಗಿರಿ' ಅನ್ನಬೇಡ. ಹಾಗಂದ ಒಬ್ಬರಿಗೆ 'ನಿಮಗೇನಾಗಿದೆ?' ಅಂತ ವಾಪಸ್ ಕೇಳಿದ. ನಿನ್ನ ಮೀಸೆಯ ಬಗ್ಗೆ ಅವನಿಗೆ ಇನ್ನೂ ಅನುಮಾನ ಇದೆ. ಆ ವಿಷಯ ಬಂದೇ ಬರುತ್ತದೆ, ಉತ್ತರ ಸಿದ್ಧ ಮಾಡಿಟ್ಟುಕೋ. ನನ್ನ ಹೆಸರು ಹೇಳಬೇಡ.

ಇಂತಿ,
ಖಜಾಂಚಿ
(ಲೆಕ್ಕ ಇನ್ನೂ ಒಪ್ಪಿಸಿಲ್ಲ)