ಟೀಮು ನಿಂತಿದೆ, ನಿನ್ನ ಆಟ ನಿಂತಿಲ್ಲ ಪುಟ್ಟಿ

ಪುಟ್ಟಿ,

ನಿನ್ನೆ ರಾತ್ರಿ ನಿಮ್ಮಪ್ಪ ಫೋನ್ ಮಾಡಿದ್ದ. ನಿಮ್ಮ ಕ್ಲಬ್‌ನವರು ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮನ್ನೇ ನಿಲ್ಲಿಸಿಬಿಟ್ಟರಂತೆ. ನೀನು ಜೆರ್ಸಿಯನ್ನು ಬೀರುವಿನ ಮೇಲಕ್ಕೆ ಎಸೆದು, ಇನ್ನು ಬಾಲ್ ಮುಟ್ಟಲ್ಲ ಅಂದೆಯಂತೆ. ನಿನ್ನ ಬೇಜಾರು ನನಗೆ ಅರ್ಥವಾಗುತ್ತದೆ. ಆದರೂ ಒಂದು ಟೀಮಿನ ಕಥೆ ಹೇಳಬೇಕು, ಕೇಳು.

1985ರಲ್ಲಿ ಹತ್ತೊಂಬತ್ತರ ಒಳಗಿನ ಹುಡುಗಿಯರ ವಿಶ್ವ ಚಾಂಪಿಯನ್‌ಷಿಪ್ ಮೊದಲ ಸಲ ನಡೆಯಿತು, ಅದೂ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ. ಅದರ ಹಿಂದಿನ ವರ್ಷವಷ್ಟೇ ಸೋವಿಯತ್ ಸರ್ಕಾರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ನಮ್ಮವರು ಬರಲ್ಲ ಅಂತ ಹಟ ಹಿಡಿದಿತ್ತು. ದೊಡ್ಡವರ ಜಗಳ ಹಾಗಿದ್ದಾಗ ಅದೇ ಅಮೆರಿಕದ ನೆಲಕ್ಕೆ ಸೋವಿಯತ್ ಹುಡುಗಿಯರು ಹೋದರು, ಚಿನ್ನ ಗೆದ್ದು ಬಂದರು. 1989ರಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ಎರಡನೇ ಸಲ ನಡೆದಾಗಲೂ ಚಿನ್ನ ಅವರದ್ದೇ. ಆಗ ಹುಡುಗಿಯರಿಗೂ ಗಂಡಸರು ಆಡುವ ಏಳನೇ ಸೈಜಿನ ಬಾಲೇ ಇತ್ತು. ನೀನು ಹಿಡಿಯುವ ಆರನೇ ಸೈಜು ಬಂದದ್ದು 2004ರಲ್ಲಿ. ನಾನೂ ಆ ದೊಡ್ಡ ಬಾಲಿನಲ್ಲೇ ಆಡಿದವಳು. ಸಿಮೆಂಟ್ ಕೋರ್ಟು, ಸುಣ್ಣದ ಗೆರೆ, ನೆಟ್ಟಿಲ್ಲದ ರಿಂಗು. ಒಂದು ಕೈಯಲ್ಲಿ ಹಿಡಿದರೆ ಬಾಲು ಜಾರುತ್ತಿತ್ತು, ಸಂಜೆ ಅನ್ನ ಕಲಸುವಾಗ ಬೆರಳ ತುದಿ ಉರಿಯುತ್ತಿತ್ತು.

ಮೂರನೇ ಸಲಕ್ಕೆ ಆ ಟೀಮು ಬರಲೇ ಇಲ್ಲ. 1991ರ ಡಿಸೆಂಬರಿನಲ್ಲಿ ಅವರ ದೇಶವೇ ಹೋಯಿತು, ಸೋವಿಯತ್ ಒಕ್ಕೂಟ ಒಡೆದು ರಷ್ಯಾ, ಉಕ್ರೇನ್ ಅಂತ ಬೇರೆ ಬೇರೆ ದೇಶಗಳಾದವು. 1993ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ಗೆ ಬಂದದ್ದು ರಷ್ಯಾ ಅನ್ನುವ ಹೊಸ ಹೆಸರಿನ ಟೀಮು, ಆಸ್ಟ್ರೇಲಿಯಾ ಎದುರು ಸೋತು ಬೆಳ್ಳಿಗೆ ನಿಂತಿತು. ನಿನ್ನ ಕ್ಲಬ್ ಹೋಗಿದೆ ಅಂತ ನೀನು ಅಳುತ್ತಿದ್ದೀಯ, ಅವರ ಎದೆಯ ಮೇಲಿದ್ದ ದೇಶದ ಹೆಸರೇ ಅಳಿಸಿಹೋಗಿತ್ತು ಪುಟ್ಟಿ.

ಅವರ ಹಿರಿಯರ ಟೀಮು ಏನು ಮಾಡಿತು ಗೊತ್ತಾ? 1992ರ ಬಾರ್ಸಿಲೋನಾಗೆ ತಮ್ಮದು ಅನ್ನುವ ಬಾವುಟವೂ ಇಲ್ಲದೆ, ಒಲಿಂಪಿಕ್ಸ್‌ನ ಐದು ಬಳೆಯ ಬಾವುಟದ ಕೆಳಗೆ ಆಡಿ, ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 79-73ರಲ್ಲಿ ಸೋಲಿಸಿ, ಫೈನಲ್‌ನಲ್ಲಿ ಚೀನಾವನ್ನು 76-66ರಲ್ಲಿ ಸೋಲಿಸಿ ಚಿನ್ನ ತಂದಿತು. ಆ ಟೀಮಿನಲ್ಲಿ ಎಲೆನಾ ಬರನೋವಾ ಇದ್ದಳು, ಆಗಿನ್ನೂ ಇಪ್ಪತ್ತು ವರ್ಷ, ಹುಟ್ಟಿದ್ದು ಇವತ್ತಿನ ಕಿರ್ಗಿಸ್ತಾನದಲ್ಲಿ. ಮರೀನಾ ತ್ಕಚೆಂಕೊ ಕೂಡ ಇದ್ದಳು. ನಾಲ್ಕು ವರ್ಷ ಕಳೆದು ಅಟ್ಲಾಂಟಾ ಒಲಿಂಪಿಕ್ಸ್ ಬರುವಷ್ಟರಲ್ಲಿ ಬರನೋವಾ ರಷ್ಯಾದ ಜೆರ್ಸಿಯಲ್ಲಿ, ತ್ಕಚೆಂಕೊ ಉಕ್ರೇನಿನ ಜೆರ್ಸಿಯಲ್ಲಿ. ಮರುವರ್ಷ ಬರನೋವಾ ಅಮೆರಿಕದ ಹೆಂಗಸರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಗೆ ಹೋಗಿ ಯೂಟಾ ಟೀಮಿನ ಪರ ಆಡಿದಳು.

ಇದನ್ನು ಯಾಕೆ ಹೇಳಿದೆ ಅಂದರೆ, ಬೇರೆ ಕ್ಲಬ್ ಸೇರಿದ ಆ ಇಬ್ಬರು ಗೆಳತಿಯರ ಜೊತೆ ನೀನು ಮಾತು ಬಿಟ್ಟಿದ್ದೀಯಂತೆ. ಅದು ಸರಿಯಲ್ಲ. ಅವರು ನಿನಗೆ ಮೋಸ ಮಾಡಿಲ್ಲ, ಆಡೋಕೆ ಜಾಗ ಹುಡುಕಿಕೊಂಡರು ಅಷ್ಟೇ. ಇವತ್ತೇ ಫೋನ್ ಮಾಡು.

ನಿನಗೆ ಹೇಳದ ಮಾತೊಂದಿದೆ. ನನಗೆ ಇಪ್ಪತ್ತೊಂದಾಗಿದ್ದಾಗ ನಮ್ಮ ಟೀಮನ್ನೂ ಹೀಗೇ ನಿಲ್ಲಿಸಿದರು. ಇನ್ನೊಂದು ಕಡೆ ಕರೆದಿದ್ದರು, ಸಿಟ್ಟಿಗೆ ನಾನು ಹೋಗಲಿಲ್ಲ. ಆರು ತಿಂಗಳಲ್ಲಿ ಸಿಟ್ಟು ಇಳಿಯಿತು, ಅಷ್ಟರಲ್ಲಿ ಆ ಜಾಗಕ್ಕೆ ಬೇರೆಯವಳು ಬಂದಿದ್ದಳು. ಇವತ್ತಿಗೂ ಶಾಲೆಯ ಮೈದಾನದಲ್ಲಿ ಬಾಲ್ ಪುಟಿಯುವ ಸದ್ದು ಕೇಳಿದರೆ ಕಾಲು ಅಲ್ಲೇ ನಿಲ್ಲುತ್ತದೆ.

ಭಾನುವಾರ ಆ ಹೊಸ ಟೀಮಿನ ಟ್ರಯಲ್ಸ್ ಇದೆ ಅಂತ ನಿಮ್ಮಪ್ಪ ಹೇಳಿದ. ಹೋಗು. ರಿಂಗಿನ ಹತ್ತಿರ ನುಗ್ಗಿ ಎಡಗೈಯಲ್ಲಿ ಹಾಕುವ ನಿನ್ನ ಲೇಅಪ್ ಇನ್ನೂ ಅಳುಕುತ್ತದೆ, ನೀನು ಎಡಕ್ಕೆ ನುಗ್ಗಿದರೂ ಕೊನೆಗೆ ಬಾಲನ್ನು ಬಲಗೈಗೆ ತರುತ್ತೀಯ, ಡಿಫೆಂಡರ್ ಅದಕ್ಕೇ ಕಾಯುತ್ತಿರುತ್ತಾಳೆ. ಇನ್ನು ಮೂರು ದಿನ ಬೆಳಿಗ್ಗೆ ಎಡಗೈಯಲ್ಲೇ ನೂರು ಹಾಕು. ಫ್ರೀ ಥ್ರೋಗೆ ಮೊದಲು ಉಸಿರು ಬಿಡೋದು ಮರೆಯಬೇಡ. ಜೆರ್ಸಿಯನ್ನು ಬೀರುವಿನ ಮೇಲಿಂದ ಇಳಿಸಿ ಒಗೆದು ಒಣಗಿಸು, ಟ್ರಯಲ್ಸ್‌ಗೆ ಅದನ್ನೇ ಹಾಕಿಕೊಂಡು ಹೋಗು. ನಾನು ಶನಿವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ, ಬೆಳಿಗ್ಗೆ ಕೋರ್ಟಿನ ಹತ್ತಿರ ಇರುತ್ತೇನೆ.

ನಿನ್ನ ಅತ್ತೆ