ಹಾಲು ಬತ್ತಿದ ಹಸುವಿಗೂ ಫ್ಯಾನು ಬೇಕು

ಮಾನ್ಯರೇ,

ಕಳೆದ ಏಪ್ರಿಲ್‌ನಲ್ಲಿ ನಮ್ಮ ಸೀಮೆಹಸು ಕರು ಹಾಕಿತು. ಹೆಣ್ಗರು, ತೀರಾ ಸಣ್ಣದು. ಹುಟ್ಟಿದ ಒಂದು ಗಂಟೆಯೊಳಗೆ ಎರಡೂವರೆ ಲೀಟರ್ ಗಿಣ್ಣದ ಹಾಲು ಕುಡಿಸಿದೆ. ಗಿಣ್ಣು ಮಾಡಿ ಹಂಚಲಿಲ್ಲವೆಂದು ಪಕ್ಕದ ಮನೆಯ ಅಜ್ಜಿ ಮುನಿಸಿಕೊಂಡರು. ಅಷ್ಟಾದರೂ ಎಂಟನೇ ದಿನ ಬೇಧಿ ಹತ್ತಿ, ಹನ್ನೊಂದನೇ ದಿನ ಕರು ಹೋಯಿತು. ‘ಗಿಣ್ಣು ಸಾಲಲಿಲ್ಲ’ ಎಂದರು ಅತ್ತೆ. ಅಳೆದು ಕುಡಿಸಿದವಳು ನಾನು, ಹೇಗೆ ಒಪ್ಪಲಿ?

ಪಶುವೈದ್ಯರು ಕೇಳಿದ್ದೇ ಬೇರೆ: ‘ಹಾಲು ಬತ್ತಿಸಿದ ಮೇಲೆ ಎಲ್ಲಿ ಕಟ್ಟಿದ್ರಮ್ಮ?’ ಕರು ಹಾಕಲು ಎರಡು ತಿಂಗಳಿರುವಾಗ ಕರೆಯುವುದನ್ನು ನಿಲ್ಲಿಸಿ ಹಾಲು ಬತ್ತಿಸುತ್ತೇವಲ್ಲ, ಆಗಿನ ಮಾತು. ಕರೆಯುವ ಎರಡು ಹಸು ಫ್ಯಾನಿನ ಕೆಳಗೆ. ಇದು ಮಾತ್ರ ಆಚೆ, ತಗಡಿನ ಚಪ್ಪರದಡಿ. ಮಧ್ಯಾಹ್ನ ಆ ತಗಡು ಮುಟ್ಟಿದರೆ ಕೈ ಸುಡುತ್ತದೆ. ಹಸು ಬಾಯಿ ತೆರೆದು, ಜೊಲ್ಲು ಸುರಿಸಿಕೊಂಡು ಏದುತ್ತಿದ್ದುದನ್ನು ನೋಡಿಯೂ ಬಾನಿಗೆ ನೀರು ತುಂಬಿ ಒಳಗೆ ಹೋಗುತ್ತಿದ್ದೆ. ನೆರಳಿದೆಯಲ್ಲ!

ನೆರಳೊಂದೇ ಸಾಲದಂತೆ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದವರು ತುಂಬುಗಬ್ಬದ ಹಸುಗಳಲ್ಲಿ ಒಂದು ಗುಂಪಿಗೆ ನೆರಳು ಮಾತ್ರ, ಇನ್ನೊಂದಕ್ಕೆ ನೆರಳಿನ ಜೊತೆ ಫ್ಯಾನು, ತುಂತುರು ನೀರು ಕೊಟ್ಟು ನೋಡಿದರು. ಸೆಕೆಯಲ್ಲಿದ್ದವುಗಳ ಕರುಗಳು ಹುಟ್ಟುವಾಗಲೇ ಹಗುರ. ಹಸುವಿನ ಹೊಟ್ಟೆಯಲ್ಲಿರುವಾಗ ಮಾಸನ್ನು ದಾಟಿ ರೋಗ ತಡೆಯುವ ಪ್ರತಿಕಾಯಗಳು ಕರುವಿಗೆ ಬರುವುದಿಲ್ಲ, ಗಿಣ್ಣದಿಂದಲೇ ಬರಬೇಕು. ಕರುಳು ಅವನ್ನು ಇಡಿಯಾಗಿ ರಕ್ತಕ್ಕೆ ಬಿಡುವುದೂ ಹೆಚ್ಚೆಂದರೆ ಮೊದಲ 24 ಗಂಟೆ. 2014ರಲ್ಲಿ ಅವರು ಎರಡೂ ಗುಂಪಿನ ಕರುಗಳಿಗೆ ಒಂದೇ ಬಗೆಯ ಗಿಣ್ಣು ಕುಡಿಸಿದಾಗಲೂ ಸೆಕೆ ಕಂಡ ತಾಯಿಯ ಕರುಗಳು ಅದರಿಂದ ಹೀರಿಕೊಂಡದ್ದು ಕಡಿಮೆ. ಅಂದರೆ ಕೊರತೆ ಹಾಲಿನದಲ್ಲ, ಕರು ಹುಟ್ಟುವಾಗಲೇ ತಂದದ್ದು.

ನಮ್ಮ ಕರು ಇದರಿಂದಲೇ ಸತ್ತಿತು ಎನ್ನಲಾರೆ. ಬೇಧಿಗೆ ಕೊಟ್ಟಿಗೆಯ ಗಲೀಜೂ ಸಾಕು. ಆದರೆ ಕೃಷಿ ಪುಟಗಳಲ್ಲಿ ಹಾಲು ಹೆಚ್ಚಿಸುವ ಹಿಂಡಿ, ಮೇವಿನ ಮಾತನ್ನು ಓದಿದ್ದೇನೆಯೇ ಹೊರತು, ಬತ್ತಿಸಿದ ಹಸುವಿನ ಆ ಎರಡು ತಿಂಗಳ ಬಗ್ಗೆ ಓದಿದ ನೆನಪಿಲ್ಲ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೋಗುವ ಮುಂಚೆ ತಮ್ಮ ಪತ್ರಿಕೆ ಬಲ್ಲವರಿಂದ ಇದನ್ನು ಬರೆಸಲಿ.

ಮುಂದಿನ ವಾರ ಇನ್ನೊಂದು ಹಸುವನ್ನು ಬತ್ತಿಸಬೇಕು. ಫ್ಯಾನಿನ ವೈರು ಈಗಲೇ ಚಪ್ಪರದವರೆಗೆ ಎಳೆಸಿದ್ದೇನೆ. ‘ಹಾಲು ಕೊಡದ ಹಸುವಿಗೆ ಕರೆಂಟು ಬಿಲ್ಲಾ?’ ಎಂದು ಯಜಮಾನರು ಇನ್ನೂ ಗೊಣಗುತ್ತಿದ್ದಾರೆ.

– ಹಾಲು ಉತ್ಪಾದಕಿ, ಚಿಂತಾಮಣಿ ತಾಲ್ಲೂಕು